ಗಾನಯೋಗಿ ಶ್ರೀ ಪಂಚಾಕ್ಷರ ಗವಾಯಿಗಳವರು

ಸಂಗೀತವಿದ್ಯೆಯು ನಮ್ಮ ಸಮಾಜಕ್ಕೆ ಹೊಸದಾದುದಲ್ಲ. ನಿಜಗುಣ ಶಿವಯೋಗಿಗಳವರು ತಮ್ಮ ವಿವೇಕಚಿಂತಾಮಣಿಯಲ್ಲಿ ಈ ಶಾಸ್ತ್ರಕ್ಕೂ ಎಡೆಯನ್ನು ಕೊಟ್ಟಿರುವರು. ಅವರ ಕೈವಲ್ಯಪದ್ಧತಿಯನ್ನು ಓದುವದಕ್ಕಿಂತ ಹಾಡುವದೇ ನಮ್ಮ ಮಠಗಳ ರೂಢಿಯು. ಆದರೂ ಶಾಸ್ತ್ರೋಕ್ತವಾದ ಗಾಯನವೆಂಬುದು ಬಹುಕಾಲದವರೆಗೆ ಅರಮನೆಯ ಓಲಗದಲ್ಲಿಯೂ ಸಂಸ್ಥಾನಿಕರ ದಿವಾಣಖಾನೆಯಲ್ಲಿಯೂ ಕಟ್ಟಿ ನಿಂತ ಕೆರೆಯ ನೀರಿನಂತೆ ಇದ್ದಿತು. ನಮ್ಮ ಹಳ್ಳಿಯ ಒಕ್ಕಲಿಗನು ಡೊಳ್ಳಿನ ದನಿಯನ್ನು ಬಲ್ಲವನು, ಭಜನೆಯ ತಾಳವನ್ನು ಬಲ್ಲವನು, ಬಯಲಾಟದ ಮದ್ದಳೆಗೆ ಬೆಳಗಾಗುವವರೆಗೆ ಕಿವಿಗೊಡಬಲ್ಲವನು. ಆದರೆ ಒಂದೇ ರಾಗವನ್ನು ಹಿಡಿದು ತಾಸುಗಟ್ಟಲೆ ಬೆಳೆಯಿಸುವ ಗವಾಯಿಯ ಮುಂದೆ ಕುಳಿತುಕೊಳ್ಳುವ ಪ್ರಸಂಗವು ಅವನಿಗೆ ಬಂದಿರಲಿಲ್ಲ. ಬಂದರೂ ಅದು ತನಗಾಗಿ ಇದ್ದುದಲ್ಲವೆಂದು ಅವನು ತಿಳಿಯುತ್ತಿದ್ದನು. ಆ ಕೆರೆಯ ಕಟ್ಟೆಯನ್ನು ಒಡೆದು ನೀರನ್ನು ಊರೂರಿನ ಹೊಲಕ್ಕೆ ಹಾಯಿಸಿದವರಲ್ಲಿ ಹುಟ್ಟುಕುರುಡರಾದ ಒಬ್ಬ ಜಂಗಮರು ಮುಖ್ಯರು. ಅವರೇ ಶ್ರೀ ಪಂಚಾಕ್ಷರ ಗವಾಯಿಗಳವರು. ಅವರ ಚರಿತ್ರವನ್ನು ತಿಳಿದ ಮಟ್ಟಿಗೆ ಇಲ್ಲಿ ಬರೆಯುತ್ತೇವೆ.

ಧಾರವಾಡ ಪ್ರಾಂತದ ಹಾನಗಲ್ಲ ತಾಲೂಕಿನಲ್ಲಿ, ಎಂದರೆ ಈಗಿನ ಹಾವೇರಿ ಜಿಲ್ಲೆಯಲ್ಲಿ, ಕಾಡಶೆಟ್ಟಿಹಳ್ಳಿ ಎಂಬ ಗ್ರಾಮವಿರುತ್ತದೆ. ಅಲ್ಲಿಯ ಚರಂತಿಮಠದ ಗುರುಪಾದಯ್ಯನವರಿಗೂ ನೀಲಮ್ಮನವರಿಗೂ 1892ನೆಯ ಇಸವಿ ಫೆಬ್ರುವರಿ 2ನೆಯ ದಿನ ಗಂಡುಮಗುವು ಜನಿಸಿತು. ಕೂಸಿಗೆ ಗದಿಗೆಯ್ಯನೆಂದು ಹೆಸರಿಟ್ಟರು. ಆ ಮನೆಯಲ್ಲಿ ಗುರುಬಸಯ್ಯನೆಂಬ ಹಿರಿಯ ಮಗನು ಮೊದಲೇ ಕಣ್ಣಿಲ್ಲದವನಾಗಿದ್ದನು. ಹಿಂದಿನಿಂದ ಹುಟ್ಟಿದ ಈ ಮಗುವಿಗೂ ದೃಷ್ಟಿಯಿಲ್ಲವೆಂಬುದು ತಿಳಿದಾಗ ಆ ತಾಯಿತಂದೆಗಳ ಎದೆಯು ಹೇಗಾಗಿರಬೇಕೆಂಬುದನ್ನು ಮಕ್ಕಳುಳ್ಳ ವಾಚಕರು ತಾವೇ ಊಹಿಸಿಕೊಳ್ಳಬಹುದು.

ಆ ಕಾಲದಲ್ಲಿ ಬಡಜಂಗಮರ ಮನೆಯ ಕುರುಡುಬಾಲಕನಿಗೆ ಇದ್ದ ದಾರಿಯು ಒಂದೇ. ಜೋಳಿಗೆಯನ್ನು ಹೆಗಲಿಗೆ ಹಾಕಿಕೊಂಡು, ಯಾರಾದರೂ ಕೈಹಿಡಿದು ನಡೆಸಿದಂತೆ ಮನೆಮನೆಯ ಬಾಗಿಲಲ್ಲಿ ನಿಂತು, ಬಾಯಿಗೆ ಬಂದ ನಾಲ್ಕು ಪದಗಳನ್ನು ಹೇಳುವದು. ಹಾಕಿದ ಭಿಕ್ಷವನ್ನು ತಂದು ಉಣ್ಣುವದು. ಅಂಧರಿಗಾಗಿ ಶಾಲೆಗಳು ನಮ್ಮ ಪ್ರಾಂತದಲ್ಲಿ ಕಾಣದಿದ್ದವು. ಬೆರಳಿನಿಂದ ಓದುವ ಬ್ರೈಲ್ ಲಿಪಿಯನ್ನು ಭಾರತದ ಭಾಷೆಗಳಿಗೆಲ್ಲ ಒಂದೇ ಕ್ರಮದಲ್ಲಿ ಅಳವಡಿಸಿದುದು 1951ರಲ್ಲಿ. ಎಂದರೆ ನಮ್ಮ ಚರಿತ್ರನಾಯಕರು ಲಿಂಗೈಕ್ಯರಾಗಿ ಏಳು ವರುಷಗಳಾದ ತರುವಾಯ. ಅಣ್ಣತಮ್ಮಂದಿರಿಗೆ ಇದ್ದುದು ಕಂಠವೊಂದೇ, ಮತ್ತು ಕೇಳಿದುದನ್ನು ಬಿಡದೆ ಹಿಡಿಯುವ ಮನಸ್ಸು.

ಈ ಕಂಠವು ಒಂದು ಶುಭಗಳಿಗೆಯಲ್ಲಿ ಹಾನಗಲ್ಲ ವಿರಕ್ತಮಠದ ಶ್ರೀ ಕುಮಾರಸ್ವಾಮಿಗಳವರ ಕಿವಿಗೆ ಬಿದ್ದಿತು. 1904ರಲ್ಲಿ ವೀರಶೈವ ಮಹಾಸಭೆಯನ್ನು, 1909ರಲ್ಲಿ ಬಾದಾಮಿಯ ಬಳಿ ಮಲಪ್ರಭೆಯ ದಂಡೆಯಲ್ಲಿ ಶಿವಯೋಗಮಂದಿರವನ್ನು ಸ್ಥಾಪಿಸಿದ ಆ ಮಹಾನುಭಾವರ ವಿಷಯವಾಗಿ ನಮ್ಮ ಭಕ್ತರಿಗೆ ಹೊಸದಾಗಿ ಹೇಳತಕ್ಕುದೇನೂ ಇಲ್ಲ. ಅವರು ಆ ಬಾಲಕರಿಬ್ಬರನ್ನೂ ತಮ್ಮ ಆಶ್ರಯಕ್ಕೆ ತೆಗೆದುಕೊಂಡರು. ಇಲ್ಲಿ ವಿಚಾರಿಸತಕ್ಕ ಸಂಗತಿಯೊಂದುಂಟು. ಕುರುಡುಮಕ್ಕಳಿಗೆ ಅನ್ನವಿಕ್ಕುವ ಪುಣ್ಯಾತ್ಮರು ಎಲ್ಲ ಕಾಲದಲ್ಲಿಯೂ ಇದ್ದರು. ಆದರೆ ಅನ್ನವಿಕ್ಕಿ ಸುಮ್ಮನಿರದೆ, ಈ ಮಕ್ಕಳಿಗೆ ಶಾಸ್ತ್ರೀಯವಾದ ಸಂಗೀತವನ್ನು ಮೊದಲಿನಿಂದ ಕಡೆಯವರೆಗೆ ಕಲಿಸಬೇಕು, ಅವರು ಭಿಕ್ಷಕ್ಕೆ ನಿಲ್ಲುವವರಾಗದೆ ವಿದ್ವಾಂಸರಾಗಿ ಸಭೆಯಲ್ಲಿ ಕೂಡ್ರುವವರಾಗಬೇಕು ಎಂದು ಯೋಚಿಸಿದುದೇ ಕುಮಾರಸ್ವಾಮಿಗಳವರ ಹೆಚ್ಚಳವು. ಗದಿಗೆಯ್ಯ ಹೊನ್ನತ್ತಿಮಠ ಎಂಬವರಲ್ಲಿ ಬಾಲಕರ ಮೊದಲ ಪಾಠಗಳು ನಡೆದವು. ಅಣ್ಣನಾದ ಗುರುಬಸಯ್ಯನು ಬಹಳ ದಿವಸ ಬಾಳಲಿಲ್ಲ. ಜೊತೆಯಲ್ಲಿ ಕತ್ತಲನ್ನು ಹಂಚಿಕೊಂಡು ಬೆಳೆದ ಒಡಹುಟ್ಟಿದವನನ್ನು ಕಳೆದುಕೊಂಡು ಗದಿಗೆಯ್ಯನು ಒಬ್ಬಂಟಿಗನಾದನು. ಪಂಚಾಕ್ಷರನೆಂಬ ಹೆಸರು ಅವನಿಗೆ ಬಂದುದು ಈ ಗುರುವಿನ ಆಶ್ರಯದಲ್ಲಿಯೇ.

ತರುವಾಯ ಅವನನ್ನು ಮೈಸೂರಿಗೆ ಕಳುಹಿದರು. ಅಲ್ಲಿ ಕೆಲವು ವರುಷ ಇದ್ದು ಅವನು ಕರ್ನಾಟಕ ಸಂಗೀತವನ್ನು ಅಭ್ಯಾಸಮಾಡಿದನು. ತಿರುಗಿ ಬಂದ ಮೇಲೆ ಮಿರಜೆಯ ನೀಲಕಂಠಬುವಾ ಅಲೂರಮಠ ಅವರು ಶಿವಯೋಗಮಂದಿರದಲ್ಲಿ ಅವನಿಗೆ ಹಿಂದುಸ್ತಾನೀ ಗಾಯನವನ್ನು ಕಲಿಸಿದರು. ಈ ನೀಲಕಂಠಬುವಾ ಅವರು ಗ್ವಾಲ್ಹೇರ ಸಂಪ್ರದಾಯವನ್ನು ದಕ್ಷಿಣಕ್ಕೆ ತಂದ ಬಾಳಕೃಷ್ಣಬುವಾ ಇಚಲಕರಂಜೀಕರ ಅವರ ಶಿಷ್ಯರು. ಅದೇ ಗುರುವಿನ ಇನ್ನೊಬ್ಬ ಶಿಷ್ಯರು ವಿಷ್ಣು ದಿಗಂಬರ ಪಲುಸ್ಕರ ಅವರು. ಪಲುಸ್ಕರರಿಗೂ ಬಾಲ್ಯದಲ್ಲಿ ಪಟಾಕಿ ಸಿಡಿದು ಕಣ್ಣಿಗೆ ಬಲವಾದ ಪೆಟ್ಟಾಗಿದ್ದಿತು. ಅವರು ರಾಜಾಶ್ರಯವನ್ನು ಬಿಟ್ಟು ಹೊರಟು 1901ರಲ್ಲಿ ಲಾಹೋರದಲ್ಲಿ ಜನರ ಸಹಾಯದಿಂದಲೇ ಗಾಂಧರ್ವ ಮಹಾವಿದ್ಯಾಲಯವನ್ನು ತೆರೆದು, ಸ್ವರಲಿಪಿಯ ಪುಸ್ತಕಗಳನ್ನು ಅಚ್ಚುಹಾಕಿಸಿ, ಉತ್ತರದೇಶದ ಗೃಹಸ್ಥರ ಮನೆಗಳಿಗೆ ಸಂಗೀತವನ್ನು ಮುಟ್ಟಿಸಿದರು. ಒಂದೇ ಬೇರಿನಿಂದ ಒಡೆದ ಎರಡು ಕೊಂಬೆಗಳು. ಎರಡೂ ಅರಮನೆಯ ಗೋಡೆಯ ಹೊರಗೆ ಚಾಚಿದವು. ಆದರೆ ಪಲುಸ್ಕರರಿಗೆ ದೊರೆತಿದ್ದ ಅಚ್ಚಿನ ಸಾಧನವು ನಮ್ಮ ಪಂಚಾಕ್ಷರರಿಗೆ ಪ್ರಯೋಜನದ್ದಲ್ಲ. ಕಣ್ಣಿಲ್ಲದ ಗುರುವು ಕಣ್ಣಿಲ್ಲದ ಶಿಷ್ಯನಿಗೆ ಕಲಿಸುವಲ್ಲಿ ಪುಸ್ತಕವು ಏನು ಮಾಡೀತು? ಬಾಯಿಂದ ಬಾಯಿಗೆ, ಕಿವಿಯಿಂದ ಕಿವಿಗೆ, ತಬಲೆಯ ಮೇಲೆ ಶಿಷ್ಯನ ಬೆರಳನ್ನು ಹಿಡಿದಿಟ್ಟು, ನೂರು ಸಾರೆ ತಪ್ಪಿದರೆ ನೂರಾ ಒಂದನೆಯ ಸಾರೆ ತಿದ್ದಿ ಕಲಿಸುವದೊಂದೇ ಮಾರ್ಗವು.

ಹೀಗೆ ಉಭಯ ಪದ್ಧತಿಗಳನ್ನೂ ಬಲ್ಲವರಾದುದರಿಂದ ಅವರಿಗೆ ಉಭಯಗಾನವಿಶಾರದರೆಂಬ ಬಿರುದು ಸಂದಿತು. ಇದು ಎಷ್ಟು ಕಠಿಣವಾದ ಸಾಧನೆಯೆಂಬುದನ್ನು ಸಂಗೀತವನ್ನರಿಯದ ವಾಚಕರಿಗಾಗಿ ಸ್ವಲ್ಪ ಹೇಳಬೇಕಾಗಿದೆ. ದಕ್ಷಿಣದವರು ಮೋಹನವೆನ್ನುವ ಸ್ವರಗಳನ್ನೇ ಉತ್ತರದವರು ಭೂಪಾಲಿ ಎನ್ನುವರು. ದಕ್ಷಿಣದ ಹಿಂದೋಳವು ಉತ್ತರದಲ್ಲಿ ಮಾಲಕಂಸವಾಗುವದು. ಸ್ವರಗಳು ಒಂದೇ ಆದರೂ ಅವನ್ನು ನಡೆಸುವ ರೀತಿಯು ಬೇರೆ. ಇದಕ್ಕೆ ತಿರುಗಾಮುರುಗಾ ಆಗಿ, ತೋಡಿ ಎಂಬ ಹೆಸರು ಎರಡೂ ಕಡೆಗೆ ಒಂದೇ ಆದರೂ ಸ್ವರಗಳು ಬೇರೆ ಬೇರೆ. ಒಂದು ಹಾದಿಯಲ್ಲಿ ರೂಢಿಯಾದ ಕಂಠವು ಇನ್ನೊಂದರಲ್ಲಿ ಮುಗ್ಗರಿಸುವದು ಸಹಜವು. ಆದುದರಿಂದ ಬಹುಜನ ವಿದ್ವಾಂಸರು ಒಂದನ್ನೇ ಹಿಡಿದು ಇನ್ನೊಂದನ್ನು ಹಳಿಯುತ್ತ ಕಾಲಕಳೆಯುವರು. ಗವಾಯಿಗಳವರು ಹಾಗೆ ಮಾಡಲಿಲ್ಲ. ತುಂಗಭದ್ರೆಯ ಆಚೆಗೂ ಈಚೆಗೂ ಕನ್ನಡಿಗರೇ ಇರುವಾಗ ಎರಡೂ ಗಾಯನಗಳು ಕನ್ನಡದ ಮನೆಯವೇ ಆಗಿರುವವೆಂಬುದನ್ನು ಅವರು ಬಾಯಿಂದ ವಾದಿಸದೆ ಹಾಡಿ ತೋರಿಸಿದರು.

ಗುರುವಿನ ಅಪ್ಪಣೆಯಂತೆ ಅವರು ಅಂಧರಾದ ಮತ್ತು ಅನಾಥರಾದ ಬಾಲಕರನ್ನು ಕೂಡಿಸಿಕೊಂಡು ಸಂಗೀತ ಪಾಠಶಾಲೆಯನ್ನು ನಡೆಯಿಸತೊಡಗಿದರು. ಈ ಪಾಠಶಾಲೆಗೆ ಗೋಡೆಗಳಿರಲಿಲ್ಲ. ಒಂದೂರಿನ ಮಠದಲ್ಲಿ ಕೆಲವು ದಿವಸ, ಮತ್ತೊಂದೂರಿನ ಗುಡಿಯಲ್ಲಿ ಕೆಲವು ದಿವಸ. ಊರ ಭಕ್ತರು ಜೋಳವನ್ನು ಕೊಟ್ಟಷ್ಟು ದಿವಸ ಅಲ್ಲಿಯೇ ಪಾಠವು. ತಂಬೂರಿ, ತಬಲ, ಪೇಟಿ ಇವುಗಳನ್ನು ಹೊತ್ತುಕೊಂಡು, ಒಬ್ಬರ ಹೆಗಲನ್ನು ಒಬ್ಬರು ಹಿಡಿದುಕೊಂಡು ಸಾಗುವ ಆ ಬಾಲಕರ ಸಾಲಿನ ಮುಂದೆ ಅವರಂತೆಯೇ ದೃಷ್ಟಿಯಿಲ್ಲದ ಗುರುಗಳು ನಡೆಯುತ್ತಿದ್ದರೆಂಬುದನ್ನು ನೆನೆದರೆ ಮೈ ಜುಮ್ಮೆನ್ನುತ್ತದೆ. 1930ರಲ್ಲಿ ಕುಮಾರಸ್ವಾಮಿಗಳವರು ಲಿಂಗೈಕ್ಯರಾದ ಮೇಲೆ ಈ ಭಾರವೆಲ್ಲವೂ ಶಿಷ್ಯರೊಬ್ಬರ ಹೆಗಲಿನ ಮೇಲೆಯೇ ನಿಂತಿತು. ಅವರು ಮದುವೆಯಿಲ್ಲದೆ, ಮನೆಯಿಲ್ಲದೆ, ಆ ಮಕ್ಕಳನ್ನೇ ಸಂಸಾರವೆಂದು ತಿಳಿದು ನಡೆದರು.

ಈ ಸಂಚಾರದಿಂದಲೇ ಸಂಗೀತವು ಜನಸಾಮಾನ್ಯರ ಬಳಿಗೆ ಬಂದಿತೆಂಬುದು ನಮ್ಮ ಅಭಿಪ್ರಾಯವು. ಅರಮನೆಯಲ್ಲಿದ್ದ ಗವಾಯಿಯು ಕೇಳುವವರು ತನ್ನ ಬಳಿಗೆ ಬರಲೆಂದು ಕಾಯಬಹುದು. ನಲವತ್ತು ಹೊಟ್ಟೆಗಳನ್ನು ಹೊರೆಯಬೇಕಾದ ಗವಾಯಿಯು ಕೇಳುವವರಿದ್ದಲ್ಲಿಗೇ ಹೋಗಬೇಕು. ಹೋದಲ್ಲಿ ಅವರಿಗೆ ತಿಳಿಯುವಂತೆ ಹಾಡಬೇಕು. ಬಡತನವು ಅವರನ್ನು ಹಳ್ಳಿಗೆ ಕರೆದೊಯ್ದಿತು. ಹಳ್ಳಿಯು ಅವರಿಂದ ರಾಗವನ್ನು ಕಲಿಯಿತು.

ಹಳ್ಳಿಯ ಜನರನ್ನು ಒಲಿಸುವದಕ್ಕೆ ಹೊಸದೊಂದು ಸಭೆಯನ್ನು ಕಟ್ಟುವ ಅವಶ್ಯಕತೆಯು ಬೀಳಲಿಲ್ಲ. ನಮ್ಮ ಮಠಗಳಲ್ಲಿ ಶ್ರಾವಣಮಾಸದಲ್ಲಿ ಪುರಾಣವನ್ನು ಹಚ್ಚುವ ಪದ್ಧತಿಯುಂಟಷ್ಟೆ. ಚಾಮರಸನ ಪ್ರಭುಲಿಂಗಲೀಲೆಯನ್ನೋ ಭೀಮಕವಿಯ ಬಸವಪುರಾಣವನ್ನೋ ಇಟ್ಟುಕೊಂಡು, ಒಬ್ಬರು ಷಟ್ಪದಿಯನ್ನು ಹಾಡುವರು, ಶಾಸ್ತ್ರಿಗಳು ಅರ್ಥವನ್ನು ಬಿಡಿಸುವರು. ಹೊಲದ ಕೆಲಸವನ್ನು ಮುಗಿಸಿ, ಉಂಡು, ಮಕ್ಕಳುಮರಿಗಳೊಡನೆ ಬಂದು ಕುಳಿತ ಜನರು ಕತೆಗಾಗಿ ಕಿವಿಗೊಟ್ಟಿರುವರು. ಕತೆಯ ಬೆನ್ನು ಹತ್ತಿ ರಾಗವು ಅವರ ಕಿವಿಯನ್ನು ಹೊಗುವದು. ಇದು ಭೀಮಪಲಾಸ, ಇದು ದುರ್ಗಾ ಎಂದು ಅವರಿಗೆ ಯಾರೂ ಹೇಳಲಿಲ್ಲ. ಆದರೂ ಒಂದು ತಿಂಗಳು ಕೇಳಿದ ಮೇಲೆ ಅಪಸ್ವರವು ಬಂದರೆ ಮೋರೆಯನ್ನು ಕಿವಿಚುವಷ್ಟು ತಿಳಿವಳಿಕೆಯು ಅವರಿಗೆ ಬಂದೇ ಬರುವದು. ಗವಾಯಿಗಳವರ ಶಿಷ್ಯಪರಂಪರೆಯು ಈ ಪುರಾಣದ ವೇದಿಕೆಗಳನ್ನು ತುಂಬಿತು. ಈ ಲೇಖಕನು ಬಾಲ್ಯದಲ್ಲಿ ಮೊದಲು ಕೇಳಿದ ರಾಗಸಂಗೀತವೂ ಇಂಥದೊಂದು ಶ್ರಾವಣದ ಪುರಾಣದಲ್ಲಿಯೇ. ಗದುಗಿನಿಂದ ಬಂದಿದ್ದ ಕಣ್ಣಿಲ್ಲದ ತರುಣರೊಬ್ಬರು ಹಾಡುತ್ತಿದ್ದರು. ಅವರ ಪಕ್ಕದಲ್ಲಿ ತಬಲವನ್ನು ಬಾರಿಸುತ್ತಿದ್ದವರೂ ಕಣ್ಣಿಲ್ಲದವರೇ. ವಿದ್ಯುದ್ದೀಪವು ನಡುವೆ ಆರಿಹೋಯಿತು. ಓದುವ ಶಾಸ್ತ್ರಿಗಳು ಬಾಯಿಮುಚ್ಚಿಕೊಂಡು ಕುಳಿತರು. ಕೂಡಿದ ಜನರು ಗಲಿಬಿಲಿಗೊಂಡರು. ಆ ಇಬ್ಬರು ಮಾತ್ರ ಏನೂ ಆಗದವರಂತೆ ಹಾಡನ್ನು ಮುಂದುವರಿಸಿದರು. ಅಂದಿನ ಕತೆಯು ಯಾವುದೆಂಬುದು ಈಗ ನೆನಪಿಲ್ಲ.

ಭಾಷೆಯ ವಿಷಯವಾಗಿಯೂ ಒಂದು ಮಾತು. ಹಿಂದುಸ್ತಾನೀ ಖ್ಯಾಲದ ಚೀಜುಗಳು ವ್ರಜಭಾಷೆಯವು, ನಮ್ಮವರಿಗೆ ತಿಳಿಯತಕ್ಕವಲ್ಲ. ಇದೇ ಕಾಲದಲ್ಲಿ, 1923ರಲ್ಲಿ, ಫ. ಗು. ಹಳಕಟ್ಟಿಯವರ ವಚನಶಾಸ್ತ್ರಸಾರದ ಮೊದಲನೆಯ ಭಾಗವು ಹೊರಬಿದ್ದು, ತಾಡವೋಲೆಗಳಲ್ಲಿ ಅಡಗಿದ್ದ ಶರಣವಾಣಿಯು ಜನರ ಕೈಗೆ ಬಂದಿತು. ವಚನಕ್ಕೆ ಷಟ್ಪದಿಯಂತೆ ಗೊತ್ತಾದ ಮಾತ್ರೆಗಳಿಲ್ಲ. ಅದನ್ನು ತಾಳಕ್ಕೆ ಕೂಡಿಸುವದು ಸುಲಭವಲ್ಲ. ಆದರೆ ಖ್ಯಾಲದ ಗಾಯಕನಿಗೆ ಅಕ್ಷರವನ್ನು ಎಲ್ಲಿ ಎಳೆಯಬೇಕು, ಎಲ್ಲಿ ಬಿಡಬೇಕೆಂಬ ಸ್ವಾತಂತ್ರ್ಯವಿರುವದರಿಂದ ವಚನವು ಆ ಗಾಯನಕ್ಕೆ ಹೇಳಿಮಾಡಿಸಿದಂತೆ ಒದಗಿತು. ನೀಲಕಂಠಬುವಾ ಅವರ ಇನ್ನೊಬ್ಬ ಶಿಷ್ಯರಾದ ಮಲ್ಲಿಕಾರ್ಜುನ ಮನಸೂರ ಅವರು, ಗವಾಯಿಗಳವರ ಶಿಷ್ಯರಾದ ಬಸವರಾಜ ರಾಜಗುರು ಮತ್ತು ಸಿದ್ಧರಾಮ ಜಂಬಲದಿನ್ನಿ ಅವರು ಮುಂದೆ ವಚನಗಾಯನವನ್ನು ಮನೆಮಾತಾಗಿ ಮಾಡಿದರು. ಚೀಜಿನ ಅರ್ಥವನ್ನರಿಯದೆ ಎದ್ದುಹೋಗುತ್ತಿದ್ದವನು ವಚನವಾದರೆ ಕುಳಿತು ಕೇಳುವನು.

ಇನ್ನು ನಾಟಕದ ಸಂಗತಿಯನ್ನು ಹೇಳಬೇಕು. ಇದನ್ನು ಕೆಲವರು ಗವಾಯಿಗಳವರ ಚರಿತ್ರದಲ್ಲಿ ಎರಡು ಸಾಲಿನಲ್ಲಿ ಮುಗಿಸಿಬಿಡುವರು. ನಮಗೆ ಅದು ಸರಿದೋರುವದಿಲ್ಲ. ಆ ಕಾಲದಲ್ಲಿ ಉತ್ತರ ಕರ್ನಾಟಕದಲ್ಲಿ ನಾಟಕ ಮಂಡಳಿಗಳ ಭರಾಟೆಯು ಬಹಳವಾಗಿದ್ದಿತು. ಗರುಡ ಸದಾಶಿವರಾಯರು, ವಾಮನರಾಯ ಮಾಸ್ತರರು ಮೊದಲಾದವರ ಕಂಪನಿಗಳು ಊರಿಂದೂರಿಗೆ ತಿರುಗುತ್ತಿದ್ದವು. ಚೀಟಿಗೆ ದುಡ್ಡುಕೊಟ್ಟು ಒಳಗೆ ಹೊಕ್ಕ ಜನರು ನಟನ ಹಾಡನ್ನು ಮೆಚ್ಚಿದರೆ ವನ್ಸ್ ಮೋರ್ ಎಂದು ಕೂಗಿ ಮತ್ತೊಮ್ಮೆ ಹಾಡಿಸುತ್ತಿದ್ದರು. ಪಾಠಶಾಲೆಯ ಒಲೆಯು ಆರದಂತೆ ನೋಡಿಕೊಳ್ಳಬೇಕಾಗಿದ್ದ ಗವಾಯಿಗಳವರು ಆಶ್ರಮದಿಂದಲೇ ಒಂದು ನಾಟಕ ಸಂಘವನ್ನು ಕಟ್ಟಿದರು. ಅದಕ್ಕೆ ತಮ್ಮ ಗುರುಗಳಾದ ಕುಮಾರೇಶ್ವರರ ಹೆಸರನ್ನೇ ಇಟ್ಟರು.

ವಿರಕ್ತಪರಂಪರೆಯಲ್ಲಿ ಬೆಳೆದವರಿಗೆ ಬಣ್ಣದ ಗೊಡವೆಯು ಏಕೆಂಬ ಪ್ರಶ್ನೆಯು ಇಲ್ಲಿ ಹುಟ್ಟುವದು ಸಹಜವು. ಪಾಠಶಾಲೆಯಲ್ಲಿ ವ್ಯಾಕರಣವನ್ನು ಓದಿ ಬೆಳೆದ ನಾವೂ ಒಂದು ಕಾಲಕ್ಕೆ ಹಾಗೆಯೇ ಎಂದುಕೊಂಡಿದ್ದೆವು. ಗುರುವಿನ ಹೆಸರನ್ನು ನಾಟಕದ ಪರದೆಯ ಮೇಲೆ ಬರೆಯಿಸಬಹುದೆ? ರಾಗವನ್ನು ಸಾವಕಾಶವಾಗಿ ಬಿಡಿಸಿ ತೋರಿಸಬೇಕಾದ ಕಂಠವು ಸಿಳ್ಳಿನ ನಡುವೆ ಐದು ನಿಮಿಷದಲ್ಲಿ ಪದವನ್ನು ಮುಗಿಸಬಹುದೆ? ಇದರಿಂದ ಸಂಗೀತಕ್ಕೆ ಹಾನಿಯೇ ಆಗಲಿಲ್ಲವೆಂದು ಹೇಳುವದು ಸುಳ್ಳಾದೀತು. ರಂಗದ ಮೇಲೆ ವಿಲಂಬಿತವು ನಡೆಯದು. ತಾನಗಳು ಚಪ್ಪಾಳೆಯ ಕಡೆಗೆ ಓಡುವವು. ಗುರುಗಳ ಸ್ವಂತ ಸಾಧನೆಗೆ ಸಲ್ಲಬೇಕಾದ ಎಷ್ಟೋ ರಾತ್ರಿಗಳು ಆ ಸಂಘದ ಹೊಣೆಗಾರಿಕೆಯಲ್ಲಿ ಕಳೆದಿರಬೇಕು. ಆದರೆ ಲೆಕ್ಕದ ಇನ್ನೊಂದು ಮಗ್ಗುಲನ್ನೂ ನೋಡಬೇಕು. ಮಠದ ಮೆಟ್ಟಿಲನ್ನು ಹತ್ತದವನು, ಪುರಾಣಕ್ಕೆ ಬಾರದವನು, ಅನ್ಯಮತದವನು, ಪೇಟೆಯ ಹಮಾಲಿಯು — ಇವರೆಲ್ಲರೂ ನಾಟಕಕ್ಕೆ ಬಂದರು. ಅವರು ಕೊಟ್ಟ ಕಾಸಿನಿಂದ ಕುರುಡುಮಕ್ಕಳು ಉಂಡರು. ಭಿಕ್ಷವೆಂದು ನೀಡಿದ ಕಾಸಲ್ಲ ಅದು. ವಿದ್ಯೆಗೆ ಮೆಚ್ಚಿ ಕೊಟ್ಟ ಬೆಲೆ. ಶರಣರು ಹೇಳಿದ ಕಾಯಕಕ್ಕೂ ಇದಕ್ಕೂ ದೂರವೆಷ್ಟೆಂಬುದನ್ನು ಬಲ್ಲವರೇ ಅಳೆಯಲಿ. ಕುಮಾರಸ್ವಾಮಿಗಳವರು ಆ ಬಾಲಕನ ಕೈಯಿಂದ ಜೋಳಿಗೆಯನ್ನು ತೆಗೆಯಿಸಿದ್ದರಷ್ಟೆ. ಶಿಷ್ಯರು ನೂರಾರು ಮಕ್ಕಳ ಕೈಯಿಂದ ಅದನ್ನು ತೆಗೆಯಿಸುವದಕ್ಕಾಗಿ ರಂಗಮಂಟಪವನ್ನು ಕಟ್ಟಿದರು.

ಶಿಷ್ಯರನ್ನು ಮುಂದೆ ತರುವದರಲ್ಲಿ ಗವಾಯಿಗಳವರಿಗಿದ್ದ ಆಸಕ್ತಿಗೆ ಒಂದು ಪ್ರಸಂಗವು ಸಾಕ್ಷಿಯಾಗಿದೆ. ಧಾರವಾಡ ಪ್ರಾಂತದ ಯಲಿವಾಳದಲ್ಲಿ ಹುಟ್ಟಿದ ಬಸವರಾಜ ರಾಜಗುರು ಎಂಬ ಬಾಲಕನು ಹಾಡಿನ ಹುಚ್ಚಿನಿಂದ ನಾಟಕ ಕಂಪನಿಯನ್ನು ಸೇರಿಕೊಂಡಿದ್ದನು. ಗವಾಯಿಗಳವರು ಅವನನ್ನು ತಮ್ಮ ಬಳಿಗೆ ತೆಗೆದುಕೊಂಡು ವರುಷಗಟ್ಟಲೆ ಪಾಠಹೇಳಿದರು. 1936ರಲ್ಲಿ ಹಂಪೆಯಲ್ಲಿ ವಿಜಯನಗರ ಸಾಮ್ರಾಜ್ಯ ಸ್ಥಾಪನೆಯ ಆರುನೂರನೆಯ ವರುಷದ ಉತ್ಸವವು ನೆರವೇರಿತು. ಕರ್ನಾಟಕದ ನಾನಾ ಭಾಗಗಳ ಜನರು ಅಲ್ಲಿ ನೆರೆದಿದ್ದರು. ಅಂಥ ಸಭೆಯಲ್ಲಿ ಗುರುಗಳು ತಾವು ಹಾಡದೆ ತರುಣ ಶಿಷ್ಯನನ್ನು ಹಾಡಿಸಿದರು; ತಾವು ಪಕ್ಕಕ್ಕೆ ಕುಳಿತು ತಬಲವನ್ನು ಬಾರಿಸಿದರು. ಗುರುವು ಶಿಷ್ಯನಿಗೆ ಸಾಥಿಗೆ ಕುಳಿತುಕೊಳ್ಳುವದೆಂದರೆ ಸಾಮಾನ್ಯವಲ್ಲವೆಂಬುದನ್ನು ಸಂಗೀತಗಾರರ ಮಾನಾಪಮಾನಗಳನ್ನು ಬಲ್ಲವರು ಅರಿಯುವರು. ಸಾವಿರಾರು ಜನರ ಮುಂದೆ ಮೊದಲ ಸಾರೆ ಕುಳಿತ ಹುಡುಗನಿಗೆ ತಾಳವು ತಪ್ಪದಂತೆ ಕಾಯುವ ಕೈಯು ಗುರುವಿನದೇ ಆಗಿದ್ದಿತು.

ಸಂಚಾರದಲ್ಲಿದ್ದ ಪಾಠಶಾಲೆಗೆ ಕಡೆಗೆ ಗದುಗಿನಲ್ಲಿ ನೆಲೆಯು ದೊರೆಯಿತು. ಬಸರಿಗಿಡದ ವೀರಪ್ಪನವರೆಂಬ ಸದ್ಭಕ್ತರು ಅಲ್ಲಿ ಆಶ್ರಯವನ್ನು ಕೊಟ್ಟರು. ಅವರ ಹೆಸರಿನಿಂದಲೇ ಅದು ವೀರೇಶ್ವರ ಪುಣ್ಯಾಶ್ರಮವೆನಿಸಿತು. ದಾನಮಾಡಿದವನ ಹೆಸರು ಆಶ್ರಮಕ್ಕೆ, ಗುರುವಿನ ಹೆಸರು ನಾಟಕ ಸಂಘಕ್ಕೆ. ದುಡಿದವರು ತಮಗಾಗಿ ಏನನ್ನೂ ಇಟ್ಟುಕೊಳ್ಳಲಿಲ್ಲ. ಜಾತಿಯನ್ನು ಕೇಳದೆ ಮಕ್ಕಳನ್ನು ಸೇರಿಸಿಕೊಳ್ಳುವದು ಆ ಆಶ್ರಮದ ಕ್ರಮವಾಯಿತು.

ಅಲೆದಾಟದಿಂದಲೂ ದುಡಿತದಿಂದಲೂ ಸವೆದ ಶರೀರವು ಬಹುಕಾಲ ನಿಲ್ಲಲಿಲ್ಲ. 1944ನೆಯ ಇಸವಿ ಜೂನ್ 11ನೆಯ ದಿನ, ಐವತ್ತೆರಡನೆಯ ವಯಸ್ಸಿನಲ್ಲಿ, ಗವಾಯಿಗಳವರು ಲಿಂಗೈಕ್ಯರಾದರು. ಆಶ್ರಮದ ಭಾರವು ಅವರ ಶಿಷ್ಯರಾದ ಪುಟ್ಟರಾಜ ಗವಾಯಿಗಳವರ ಮೇಲೆ ಬಿದ್ದಿತು. ಇವರೂ ಹಾನಗಲ್ಲ ತಾಲೂಕಿನವರೇ. 1914ರಲ್ಲಿ ದೇವಗಿರಿಯಲ್ಲಿ ಹುಟ್ಟಿ, ಎಳವೆಯಲ್ಲಿಯೇ ಕಣ್ಣುಗಳನ್ನು ಕಳೆದುಕೊಂಡು ಗುರುವಿನ ಬಳಿಗೆ ಬಂದವರು. ಹಾಡುವದಲ್ಲದೆ ಅನೇಕ ವಾದ್ಯಗಳನ್ನು ನುಡಿಸುವದು, ನಾಟಕಗಳನ್ನೂ ಪುರಾಣಗಳನ್ನೂ ರಚಿಸುವದು ಇವೆಲ್ಲವೂ ಅವರಿಗೆ ಸಾಧ್ಯವಾಗಿದ್ದವು. 2010ರ ಸೆಪ್ಟೆಂಬರ್‌ನಲ್ಲಿ ಲಿಂಗೈಕ್ಯರಾಗುವವರೆಗೆ, ಅರುವತ್ತಾರು ವರುಷ, ಅವರು ಗುರುವಿನ ದಾಸೋಹವನ್ನು ನಡೆಯಿಸಿದರು.

ರಾಜಗುರುಗಳು ಗುರುವಿನ ವಿಯೋಗವಾದ ಮೇಲೆ ದೇಶವನ್ನು ಸುತ್ತಿ, ಕಿರಾಣಾ ಮೊದಲಾದ ಘರಾಣೆಗಳ ಉಸ್ತಾದರಲ್ಲಿ ಮತ್ತೆ ಶಿಷ್ಯವೃತ್ತಿಯನ್ನು ಮಾಡಿದರು. 1950ರ ಜನವರಿಯಲ್ಲಿ ಧಾರವಾಡದ ಆಕಾಶವಾಣಿಯು ಪ್ರಾರಂಭವಾಯಿತು. ಗುರುಗಳು ಕಾಲ್ನಡಿಗೆಯಿಂದ ಮುಟ್ಟಿದ್ದ ಊರುಗಳನ್ನು ಶಿಷ್ಯರ ಕಂಠವು ಆಗ ಗಾಳಿಯ ಮೇಲೆ ಮುಟ್ಟತೊಡಗಿತು. ಪಂಚಾಯತಿಯ ಕಟ್ಟೆಯ ಮೇಲೆ ಇಟ್ಟ ರೇಡಿಯೋದ ಸುತ್ತಲೂ ಕುಳಿತು ವಚನವನ್ನು ಕೇಳಿದ ಹಿರಿಯರನೇಕರು ನಮ್ಮ ಮಠದ ಭಕ್ತಮಂಡಲಿಯಲ್ಲಿಯೂ ಇದ್ದರು. 1995ರಲ್ಲಿ ಗವಾಯಿಗಳವರ ಜೀವನವನ್ನೇ ಕುರಿತು ಒಂದು ಚಲಚ್ಚಿತ್ರವೂ ಹೊರಬಂದಿತು. ಅದರ ಸಂಗೀತಕ್ಕೂ ಹಾಡುಗಾರಿಕೆಗೂ ರಾಷ್ಟ್ರಪ್ರಶಸ್ತಿಗಳು ಸಂದವು. ಸಿನೆಮಾವನ್ನು ನೋಡುವ ರೂಢಿಯಿಲ್ಲದ ನಮ್ಮ ಮಠದ ವೃದ್ಧಮಾತೆಯರು ಕೆಲವರು ಎತ್ತಿನಬಂಡಿಯನ್ನು ಕಟ್ಟಿಸಿಕೊಂಡು ಪೇಟೆಗೆ ಹೋಗಿ ಅದನ್ನು ನೋಡಿ ಬಂದರು. ಅವರಲ್ಲೊಬ್ಬರು ಬಾಲ್ಯದಲ್ಲಿ, ತಮ್ಮ ತವರೂರಿನ ಗುಡಿಯಲ್ಲಿ, ಗವಾಯಿಗಳವರು ಪಾಠಹೇಳುವದನ್ನು ಕಂಡಿದ್ದರಂತೆ. ಬಾಲಕರಿಗೆಂದು ಮನೆಯಿಂದ ರೊಟ್ಟಿಯ ಬುಟ್ಟಿಯನ್ನು ಹೊತ್ತುಕೊಂಡು ಹೋಗುವದು ಅವರ ಪಾಲಿನ ಕೆಲಸವಾಗಿದ್ದಿತಂತೆ. ಪಾಠವು ಮುಗಿಯುವವರೆಗೆ ಬುಟ್ಟಿಯನ್ನು ಇಳಿಸದೆ ಬಾಗಿಲಲ್ಲಿಯೇ ನಿಂತು ಕೇಳುತ್ತಿದ್ದೆನೆಂದು ಅವರು ಹೇಳುತ್ತಿದ್ದರು.